ನಾಗಲಕ್ಷ್ಮಿ ಟೀಚರನ್ನು ಅಟ್ಟಿದವರೇ ಹಾರ ಹಾಕಿದರು

ಕಳೆದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ, ತೀರಿಕೊಂಡ ಮೇಷ್ಟ್ರುಗಳಿಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಆ ಸಭೆಯಲ್ಲಿ ನಾನು ಜಗಳ ಮಾಡಿದೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಮಾಡಿದ್ದು ನಿಜ. ಯಾಕೆ ಮಾಡಿದೆ ಅನ್ನುವುದನ್ನು ಮಾತ್ರ ಯಾರೂ ಹೇಳುತ್ತಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ.

ನನ್ನ ಹೆಸರು ಜಯಂತಿ. ತಮಿಳುನಾಡಿನ ಗಡಿಯಲ್ಲಿ, ಬೇರಿಕೆಯ ಹತ್ತಿರ ನಮ್ಮೂರು. ಅಪ್ಪ ಮುನಿಶಾಮಿ ಕೋಸು, ಟೊಮೆಟೊ ಬೆಳೆಯುತ್ತಾರೆ. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಗಾಡಿಗಳ ಬಿಡಿಭಾಗ ತಪಾಸಣೆ ಮಾಡುವ ಕೆಲಸ. ಈ ಕೆಲಸ, ಈ ಸಂಬಳ, ಇವತ್ತು ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವ ಧೈರ್ಯ, ಎಲ್ಲವೂ ನಾಗಲಕ್ಷ್ಮಿ ಟೀಚರ್ ಕೊಟ್ಟದ್ದು.

ಟೀಚರ್ ತೊರಪಲ್ಲಿಯವರು. ತಾವೂ ಕನ್ನಡ ಮೀಡಿಯಮ್ಮಿನಲ್ಲೇ ಓದಿ, ನಮ್ಮ ಶಾಲೆಗೆ ಸೈನ್ಸ್ ಟೀಚರಾಗಿ ಬಂದವರು. ಗಂಡ ರಘುನಾಥ್ ಅವರಿಗೆ ಹೊಸೂರಿನಲ್ಲಿ ಲೇತ್ ಕೆಲಸ. ಟೀಚರ್ ದಿನಾ ಹಳೆಯ ಮೊಪೆಡ್ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಮಳೆ ಬಂದ ದಿನ ಮೊಣಕಾಲವರೆಗೂ ಕೆಸರು. ಹಾಗೇ ಕ್ಲಾಸಿಗೆ ಬಂದು ಪಾಠ ಶುರು ಮಾಡುತ್ತಿದ್ದರು.

ಅವರು ಬರುವ ಮುಂಚೆ ನಮ್ಮ ಶಾಲೆಯ ಲ್ಯಾಬಿಗೆ ಸದಾ ಬೀಗ. ಸಾಮಾನು ಒಡೆದುಹೋದರೆ ಯಾರು ಜವಾಬ್ದಾರಿ ಎಂದು ಹೆಡ್‌ಮಾಸ್ಟರು ಕೀಲಿ ಕೊಡುತ್ತಿರಲಿಲ್ಲ. ಟೀಚರ್ ಅವರ ಮೇಜಿನ ಮುಂದೆ ನಿಂತು, "ಒಡೆದರೆ ನನ್ನ ಹೆಸರು ಹೇಳಿ ಸಾರ್, ಧೂಳು ತಿಂದು ಹಾಳಾದರೆ ಯಾರ ಹೆಸರು ಹೇಳ್ತೀರಿ?" ಎಂದು ಕೇಳಿ ಕೀಲಿ ಈಸಿಕೊಂಡರು. ಈರುಳ್ಳಿ ಸಿಪ್ಪೆಯನ್ನು ಮೈಕ್ರೋಸ್ಕೋಪಿನಲ್ಲಿ ಮೊದಲು ನೋಡಿದ ದಿನ ನಾವೆಲ್ಲ ಕಿರುಚಿದ್ದೆವು. ದ್ಯುತಿಸಂಶ್ಲೇಷಣೆ ಅಂದರೆ ನಮಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಟೀಚರ್ ಕನ್ನಡದಲ್ಲಿ ಹೇಳಿ, ತೆಲುಗು ಮನೆಗಳ ಮಕ್ಕಳ ಕಡೆ ತಿರುಗಿ "ಆಕು ಅನ್ನಂ ಚೇಸ್ಕೊಂಟುಂದಿ" ಅನ್ನುತ್ತಿದ್ದರು, ಎಲೆ ಅನ್ನ ಮಾಡಿಕೊಳ್ಳುತ್ತದೆ ಅಂತ. ಪರೀಕ್ಷೆಯಲ್ಲಿ ನನಗೆ ನೆನಪಾದದ್ದೂ ಆ ತೆಲುಗು ಮಾತೇ.

ಸಾಧು ಹೆಂಗಸೇನಲ್ಲ ಅವರು. ಮೂಗಿನ ತುದಿಯಲ್ಲೇ ಕೋಪ. ಚಾಕ್‌ಪೀಸ್ ಎಸೆದರೆ ಹಣೆಗೇ ಗುರಿ. ಕ್ಲಾಸಿನಲ್ಲಿ ಕಡಲೆಕಾಯಿ ತಿನ್ನಬಾರದೆಂದು ನಮಗೆ ಬೈದು, ಸ್ಟಾಫ್ ರೂಮಿನಲ್ಲಿ ತಾವು ಕೂತು ತಿನ್ನುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲಿ ನನಗೆ ಮದುವೆ ಗೊತ್ತು ಮಾಡಿದರು. ಗಂಡು ಕೊಂಡಪ್ಪನವರ ಅಕ್ಕನ ಮಗ, ಸ್ವಂತ ಲಾರಿ ಇಟ್ಟಿದ್ದ. ಕೊಂಡಪ್ಪನವರು ಆಗ ಪಂಚಾಯ್ತಿ ಅಧ್ಯಕ್ಷರು, ಶಾಲೆಯ ಪೋಷಕರ ಸಂಘ ಪಿಟಿಎಗೂ ಅವರೇ ಅಧ್ಯಕ್ಷರು. ಜನ ಅವರನ್ನು ತಮಿಳಿನಲ್ಲಿ "ತಲೈವರೇ", ನಾಯಕರೇ, ಅಂತಲೇ ಕರೆಯುತ್ತಿದ್ದರು. ಅಂಥವರು ತಾವಾಗಿ ಹೆಣ್ಣು ಕೇಳಿದ್ದಾರೆ ಎಂದು ಅಪ್ಪ ಹಿಗ್ಗಿಹೋಗಿದ್ದರು. ನನ್ನನ್ನು ಶಾಲೆ ಬಿಡಿಸಿದರು.

ನಾನು ಬರದಿದ್ದದ್ದನ್ನು ನೋಡಿ ಟೀಚರ್ ಒಂದು ಸಂಜೆ ಸೀದಾ ನಮ್ಮ ತೋಟಕ್ಕೇ ಬಂದರು. ಅಪ್ಪ ಕೋಸಿನ ಸಾಲಿನಲ್ಲಿ ಔಷಧಿ ಹೊಡೆಯುತ್ತಿದ್ದರು.

"ಮುನಿಶಾಮಣ್ಣ, ಜಯಂತಿ ಯಾಕೆ ಶಾಲೆಗೆ ಬರ್ತಿಲ್ಲ?"

"ಮದ್ವೆ ಇಟ್ಕೊಂಡಿದೀವಿ ಟೀಚರಮ್ಮ. ಇನ್ನೇನ್ ಓದ್ಸೋದು?"

"ಅವಳಿಗಿನ್ನೂ ಹದಿನಾಲ್ಕು."

"ನಮ್ಮವ್ವನ್ಗೆ ಹನ್ನೆರಡಕ್ಕೇ ಆಗಿತ್ತು. ಏನ್ ಸತ್ತೋದ್ಲಾ?"

"ನಿಮ್ಮವ್ವ ಎಷ್ಟು ಮಕ್ಕಳನ್ನ ಹೆತ್ತು, ಎಷ್ಟು ಮಕ್ಕಳನ್ನ ಮಣ್ಣು ಮಾಡಿದ್ರು? ಅದನ್ನೂ ಹೇಳು."

ಅಪ್ಪ ಬೆನ್ನಿನ ಡಬ್ಬ ಇಳಿಸಿದರು. ಆಮೇಲೆ, "ಕೊಂಡಪ್ಪನೋರ್ಗೆ ಮಾತು ಕೊಟ್ಬುಟ್ಟಿದೀನಿ. ಈಗ ಇಲ್ಲ ಅಂದ್ರೆ ಊರಲ್ಲಿ ಬಾಳಕ್ಕಾಯ್ತದಾ?" ಎಂದರು.

ಟೀಚರ್ ನನ್ನ ಕಡೆ ತಿರುಗಿದರು. "ನಿನಗೆ ಈ ಮದುವೆ ಇಷ್ಟ ಐತಾ?"

ಅಷ್ಟು ದಿನ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸೀರೆಯ ಬಣ್ಣ ಕೇಳಿದ್ದರು, ಬಳೆಯ ಅಳತೆ ಕೇಳಿದ್ದರು. ನಾನು ತಲೆ ತಗ್ಗಿಸಿಕೊಂಡು ಇಲ್ಲ ಎಂದೆ.

"ಕೇಳಿಸ್ಲಿಲ್ಲ."

"ಇಲ್ಲ ಟೀಚರ್."

"ಸರಿ, ನಾಳೆ ಶಾಲೆಗೆ ಬಾ," ಎಂದು ಮೊಪೆಡ್ ಹತ್ತಿ ಹೋದರು.

ಮರುದಿನ ಅಪ್ಪ ನನ್ನನ್ನು ಕಳಿಸಲಿಲ್ಲ. ಟೀಚರ್ ಸುಮ್ಮನೆ ಕೂರಲೂ ಇಲ್ಲ. ಮಕ್ಕಳ ಸಹಾಯವಾಣಿಗೆ ತಮ್ಮದೇ ಫೋನಿನಿಂದ, ತಮ್ಮದೇ ಹೆಸರು ಹೇಳಿ ದೂರು ಕೊಟ್ಟರು. ಮದುವೆಯ ಹಿಂದಿನ ದಿನ ಜೀಪಿನಲ್ಲಿ ಅಧಿಕಾರಿಗಳು, ಪೊಲೀಸಿನವರು ಬಂದರು. ಹಾಕಿದ್ದ ಚಪ್ಪರ ಬಿಚ್ಚಿಸಿದರು. ಹುಡುಗಿಗೆ ಹದಿನೆಂಟಾಗುವವರೆಗೆ ಮದುವೆ ಮಾಡುವುದಿಲ್ಲ, ಮತ್ತೆ ಶಾಲೆಗೆ ಕಳಿಸುತ್ತೇನೆ ಎಂದು ಅಪ್ಪನ ಕೈಲಿ ಬರೆಸಿಕೊಂಡು ಹೋದರು.

ಮುಂದಿನ ಸೋಮವಾರ ಕೊಂಡಪ್ಪನವರು ಜನ ಕಟ್ಟಿಕೊಂಡು ಶಾಲೆಯ ಗೇಟಿಗೆ ಬಂದರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಟೀಚರ್ ಮೊಪೆಡ್ಡಿನಿಂದ ಇಳಿಯುವುದಕ್ಕೂ ಬಿಡಲಿಲ್ಲ, ಸುತ್ತ ನಿಂತುಕೊಂಡರು. ಕೊಂಡಪ್ಪನವರು ಕೂಗಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಬಂಜೆ ಹೆಂಗಸು! ಹೆತ್ತಿದ್ರೆ ತಾನೇ ಮಕ್ಳ ಮದ್ವೆ ಅಂದ್ರೆ ಏನು ಅಂತ ಗೊತ್ತಾಗೋದು? ಊರ್ ಮಕ್ಳು ಬಾಳಾದ್ ಕಂಡ್ರೆ ಇವ್ಳಿಗೆ ಹೊಟ್ಟೆಕಿಚ್ಚು!"

ಟೀಚರ್‌ಗೆ ಮಕ್ಕಳಿರಲಿಲ್ಲ. ಎರಡು ಸಲ ಗರ್ಭ ನಿಂತಿರಲಿಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು. ಅವರು ಅವತ್ತು ಮೊಪೆಡ್ಡನ್ನು ತಳ್ಳಿಕೊಂಡು ಒಳಗೆ ಬಂದು, ನೇರ ಕ್ಲಾಸಿಗೆ ಬಂದು ಬೋರ್ಡ್ ಒರೆಸಿದರು.

ಸ್ಟಾಫ್ ರೂಮಿನಿಂದ ಒಬ್ಬ ಮೇಷ್ಟ್ರೂ ಹೊರಗೆ ಬರಲಿಲ್ಲ. ಹೆಡ್‌ಮಾಸ್ಟರು ರೂಮಿನ ಬಾಗಿಲು ಹಾಕಿಕೊಂಡರು. ಟೀಚರ್ ದುಡ್ಡು ತಗೊಂಡು ಹುಡುಗಿಯರನ್ನು ಹಾಸ್ಟೆಲ್ಲಿಗೆ ಕಳಿಸುತ್ತಾರೆ ಎಂದು ಮೇಲಧಿಕಾರಿಗಳಿಗೆ ಅರ್ಜಿಯ ಮೇಲೆ ಅರ್ಜಿ ಹೋಯಿತು. ವರ್ಷದ ನಡುವೆಯೇ ವರ್ಗಾವಣೆ ಬಂತು. ಅಂಚೆಟ್ಟಿ ಕಡೆ ಕಾಡಂಚಿನ ಒಂದು ಶಾಲೆಗೆ. ಅವತ್ತು ಒಂದು ಹಾರವಿಲ್ಲ, ಒಂದು ಮಾತಿಲ್ಲ. ತಮ್ಮ ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟರು.

ಅಲ್ಲಿಗೆ ತೊರಪಲ್ಲಿಯಿಂದ ಬಸ್ಸಿನ ಮೇಲೆ ಬಸ್ಸು ಹಿಡಿಯಬೇಕು. ಬೆಳಕು ಹರಿಯುವ ಮುಂಚೆ ಹೊರಟರೆ ಕತ್ತಲಾದ ಮೇಲೆ ಮನೆ. ಹಾಗೇ ವರ್ಷಗಟ್ಟಲೆ ಓಡಾಡಿದರು. ನಾನು ಹತ್ತನೇ ಕ್ಲಾಸು ಪಾಸಾದೆ, ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮಾಡಿದೆ. ಪ್ರತಿ ರಿಸಲ್ಟ್ ಬಂದಾಗಲೂ ಫೋನ್ ಮಾಡಿ, ಕಡಿಮೆ ಬಂದಿದ್ದರೆ ಬೈಯುತ್ತಿದ್ದರು. ಹೋದ ವರ್ಷ ಕ್ಯಾನ್ಸರ್ ಅಂತ ಗೊತ್ತಾಯಿತು. ಎದೆಯ ಗಂಟನ್ನು ರಜೆ ಬರಲಿ ತೋರಿಸೋಣ, ಪರೀಕ್ಷೆ ಮುಗಿಯಲಿ ತೋರಿಸೋಣ ಎಂದು ಮುಂದಕ್ಕೆ ಹಾಕಿದ್ದರಂತೆ. ಈ ಬೇಸಗೆಯಲ್ಲಿ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯ ಯೋಚನೆ ನನ್ನ ಕ್ಲಾಸ್‌ಮೇಟ್ ಜಗನ್‌ನದು. ಅವನಿಗೀಗ ಬಾಗಲೂರಿನಲ್ಲಿ ಸೈಟು ಮಾರಿಸುವ ವ್ಯವಹಾರ. ಮೊದಲು ಕೇಳಿದಾಗ ನನಗೂ ಸಂತೋಷವೇ ಆಗಿತ್ತು. ಆದರೆ ವಾಟ್ಸಾಪಿನಲ್ಲಿ ಫ್ಲೆಕ್ಸಿನ ಫೋಟೋ ಬಂತು ನೋಡಿ, ನನ್ನ ಮೈ ಉರಿದುಹೋಯಿತು. ತೀರಿಕೊಂಡ ಮೇಷ್ಟ್ರುಗಳ ಮುಖಗಳು ಕೆಳಗೆ ಅಂಚೆಚೀಟಿಯಷ್ಟು. ಮೇಲೆ ಕೈ ಮುಗಿದು ನಗುತ್ತಿರುವ ಕೊಂಡಪ್ಪನವರು ಆಳೆತ್ತರ. ತಕ್ಷಣ ಜಗನ್‌ಗೆ ಫೋನ್ ಮಾಡಿದೆ.

"ಆ ಮನುಷ್ಯನ ಯಾಕ್ ಕರ್ದೆ?"

"ಶಾಮಿಯಾನ, ಚೇರು, ಊಟ ಎಲ್ಲಾ ಅವ್ರೇ ಕೊಡ್ತಾವ್ರೆ ಕಣಮ್ಮ."

"ಟೀಚರ್ನ ನಮ್ ಸ್ಕೂಲ್ ಬಿಡ್ಸಿದ್ದು ಅವ್ರೇ ಅಂತ ನಿಂಗ್ ಗೊತ್ತಿಲ್ವಾ?"

"ಹಳೇದೆಲ್ಲ ಈಗ್ಯಾಕೆ? ಒಳ್ಳೇ ಕಾರ್ಯ ನಡೀಲಿ ಬುಡು."

ಹೋಗಬಾರದು ಎಂದುಕೊಂಡೆ. ಆದರೆ ರಘುನಾಥ್ ಅವರನ್ನೂ ಕರೆದಿದ್ದಾರೆ ಎಂದು ಕೇಳಿ, ಅವರೊಬ್ಬರೇ ಆ ಜನರ ನಡುವೆ ಕೂರುವುದು ಬೇಡ ಎಂದು ಹೋದೆ. ಅಪ್ಪನೂ ನನ್ನ ಜೊತೆ ಬಂದರು. ಟೀಚರ ವಿಷಯ ಬಂದಾಗಲೆಲ್ಲ ಎದ್ದು ತೋಟಕ್ಕೆ ಹೋಗಿಬಿಡುವ ಅಪ್ಪ ಅವತ್ತು ಯಾಕೆ ಬಂದರೋ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತರು.

ರಘುನಾಥ್ ಅವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಕೂರಿಸಿದ್ದರು. ಆ ಸೆಕೆಯಲ್ಲಿ ಅದನ್ನು ತೆಗೆಯಲೂ ಆಗದೆ ಬೆವರುತ್ತಿದ್ದರು. ಕೊಂಡಪ್ಪನವರು ಟೀಚರ ಫೋಟೋಗೆ ಹಾರ ಹಾಕಿ, ಕ್ಯಾಮೆರಾದ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೈಕ್ ಹಿಡಿದರು.

"ನಾಗಲಕ್ಷ್ಮಿ ಅಮ್ಮನವರಿಗೆ ಸ್ವಂತ ಮಕ್ಕಳಿರಲಿಲ್ಲ. ಈ ಶಾಲೆಯ ಮಕ್ಕಳೇ ಅವರ ಮಕ್ಕಳು. ಅಂಥ ತಾಯಿ ಅವರು. ಬಾಲ್ಯವಿವಾಹ ನಿಲ್ಲಿಸಬೇಕು ಅಂತ ಹೊರಟಾಗ ಈ ಊರಲ್ಲಿ ಅವರ ಬೆನ್ನಿಗೆ ನಿಂತವನು ನಾನೊಬ್ಬನೇ..."

ಚಪ್ಪಾಳೆ ಬಿತ್ತು. ಅಂದು ಬೈಗುಳವಾಗಿದ್ದ ಮಾತನ್ನೇ ಇಂದು ಅದೇ ಬಾಯಿ ಹೊಗಳಿಕೆ ಮಾಡಿಕೊಂಡಿತ್ತು. ಗೊತ್ತಿಲ್ಲದ ಮಕ್ಕಳು ಚಪ್ಪಾಳೆ ತಟ್ಟಿದರೆ ತಟ್ಟಲಿ, ಅವತ್ತು ಗೇಟಿನ ಹತ್ತಿರ ನಿಂತಿದ್ದವರೂ ತಟ್ಟುತ್ತಿದ್ದರು. ರಘುನಾಥ್ ನೆಲ ನೋಡುತ್ತಿದ್ದರು. ನಾನು ಎದ್ದು ನಿಂತೆ.

"ಸುಳ್ಳು!" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ನಿಲ್ಲಿಸಿದ್ದು ನನ್ನ ಮದ್ವೆ. ಗಂಡು ನಿಮ್ಮ ಅಕ್ಕನ ಮಗ. ಟೀಚರ್ನ ಗೇಟಲ್ಲಿ ನಿಲ್ಸಿ ಬಂಜೆ ಅಂತ ಕೂಗಿದ್ದು ನೀವು. ಅರ್ಜಿ ಹಾಕ್ಸಿ ಕಾಡಿಗೆ ಕಳ್ಸಿದ್ದು ನೀವು. ಅವ್ರ ಫೋಟೋ ಮುಟ್ಟಕ್ಕೆ ನಿಮ್ಗೆ ನಾಚ್ಕೆ ಆಗ್ಲಿಲ್ವಾ?"

ಜಗನ್ ಓಡಿಬಂದು ಕೈ ಹಿಡಿದ. "ಕೂತ್ಕೊ ಜಯಂತಿ, ಮರ್ಯಾದೆ ಹೋಯ್ತದೆ." ಕೊಂಡಪ್ಪನವರು ಮೈಕಿನಲ್ಲೇ ನಕ್ಕರು. "ಚಿಕ್ಕ ಹುಡುಗಿ ಆಗ, ಯಾರೋ ಏನೋ ತಲೆಗೆ ತುಂಬವ್ರೆ. ಬುಡಿ ಬುಡಿ."

ಆಗ ಹಿಂದಿನಿಂದ ಅಪ್ಪನ ಮಾತು ಕೇಳಿಸಿತು. "ಯಾರೂ ತುಂಬಿಲ್ಲ ತಲೈವರೇ. ನಾನೂ ಅವತ್ತು ಗೇಟ್ ತಾವ ಇದ್ದೆ. ನೀವು ಹೇಳ್ಕೊಟ್ರಿ, ನಾವು ಕೂಗುದ್ವಿ. ನನ್ ಕೈಲಿ ಕಲ್ಲೂ ಇತ್ತು." ಅಪ್ಪ ರಘುನಾಥ್ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ಸಾಮಿ. ಆಯಮ್ಮ ಇದ್ದಾಗ್ಲೇ ಹೇಳ್ಬೇಕಾಗಿತ್ತು."

ಕೊಂಡಪ್ಪನವರು ಮೈಕನ್ನು ಯಾರದೋ ಕೈಗೆ ತುರುಕಿ, ತುರ್ತು ಕೆಲಸವಿದೆ ಎಂದು ಕಾರು ಹತ್ತಿದರು. ಅವರ ಹಿಂದೆ ಅರ್ಧ ಸಭೆಯೂ ಎದ್ದುಹೋಯಿತು. ಊಟ ಮಾತ್ರ ಯಾರೂ ಬಿಡಲಿಲ್ಲ.

ರಘುನಾಥ್ ನನ್ನನ್ನು ಹೊಗಳುತ್ತಾರೆ ಎಂದು ನಾನೇನೂ ಎಣಿಸಿರಲಿಲ್ಲ. ಅವರು ಶಾಲು ಮಡಿಚಿ ಕುರ್ಚಿಯ ಮೇಲಿಟ್ಟು ಕೆಳಗೆ ಬಂದು, ಮೆಲ್ಲಗೆ ಹೇಳಿದರು. "ಇಷ್ಟು ಜನದಲ್ಲಿ ಒಬ್ರು ಅವತ್ತು ಎದ್ದು ನಿಂತಿದ್ರೆ ಸಾಕಾಗಿತ್ತಮ್ಮ. ಅವಳು ಬಸ್ಸಲ್ಲಿ ಸವೀತಿರಲಿಲ್ಲ."

ಮರುದಿನ ವಾಟ್ಸಾಪಿನಲ್ಲಿ ಕೊಂಡಪ್ಪನವರು ಹಾರ ಹಾಕುವ ಫೋಟೋ ಎಲ್ಲ ಕಡೆ ಓಡಾಡಿತು. "ಗುರುಭಕ್ತಿ" ಎಂದು ಕೆಳಗೆ ಬರೆದಿದ್ದರು. ನಡೆದ ಮಾತು ಒಂದಕ್ಷರವೂ ಇರಲಿಲ್ಲ. ನನ್ನನ್ನು ಗ್ರೂಪಿನಿಂದ ತೆಗೆದರು. ಸಂಜೆಯ ಹೊತ್ತಿಗೆ ನಮ್ಮ ಕ್ಲಾಸಿನ ಹೆಂಗಸರು ಒಬ್ಬೊಬ್ಬರಾಗಿ ತಾವೇ ಹೊರಗೆ ಬಂದರು.

ನಾವಷ್ಟೇ ಒಂದು ಭಾನುವಾರ ತೊರಪಲ್ಲಿಗೆ, ಟೀಚರ ಮನೆಗೆ ಹೋದೆವು. ರಘುನಾಥ್ ಕಾಫಿ ಮಾಡಿಕೊಟ್ಟರು. ಒಬ್ಬೊಬ್ಬರು ಒಂದೊಂದು ನೆನೆಸಿಕೊಂಡು ನಕ್ಕೆವು, ಅತ್ತೆವು. ವರಲಕ್ಷ್ಮಿ ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಓದಿನಲ್ಲಿ ನಮಗೆಲ್ಲ ಮುಂದಿದ್ದವಳು ಅವಳು. ಟೀಚರ್ ವರ್ಗವಾದ ಮರುವರ್ಷ, ಹತ್ತನೇ ಕ್ಲಾಸಿನ ಪರೀಕ್ಷೆಗೆ ಮುಂಚೆಯೇ ಅವಳಿಗೆ ಮದುವೆಯಾಯಿತು. ದೂರು ಕೊಡುವುದಕ್ಕೆ ಶಾಲೆಯಲ್ಲಿ ಯಾರೂ ಇರಲಿಲ್ಲ. ಇದ್ದವರಿಗೆ ಟೀಚರ ಗತಿ ನೆನಪಿತ್ತು.

ಹೊರಡುವ ಹೊತ್ತಿಗೆ ಅವಳು ಅಂದಳು. "ನೀನು ಕೂಗಾಡಿದ್ದು ಸರಿ ಕಣೇ. ಆದ್ರೆ ಟೀಚರ್ಗೆ ಅನ್ಯಾಯ ಆಯ್ತು ಅಂತ ಎಲ್ರೂ ಹೇಳ್ತೀರಾ. ನಂಗೇನಾಯ್ತು ಅಂತ ಯಾರಾದ್ರೂ ಕೇಳುದ್ರಾ? ಆಯಮ್ಮ ಇನ್ನೊಂದ್ ವರ್ಷ ಅಲ್ಲೇ ಇದ್ದಿದ್ರೆ ನಂದೂ ನಿಲ್ತಿತ್ತು."

ಅವಳು ಚಪ್ಪಲಿ ಮೆಟ್ಟಿಕೊಂಡು, ಮಗಳು ಸ್ಕೂಲ್ ಬ್ಯಾಗ್ ಕೇಳಿದ್ದಾಳೆ, ಹೊಸೂರಿನಲ್ಲಿ ಅಂಗಡಿ ಮುಚ್ಚುವ ಮುಂಚೆ ಹೋಗಬೇಕು ಎಂದು ಬಸ್ ಸ್ಟಾಪಿನ ಕಡೆ ನಡೆದಳು.