ಮುಕ್ಕಾಲೆಂಟ್ಲೆ ಆರು

“ಒಂದು ಲಂಗಕ್ಕೆ ಮುಕ್ಕಾಲು ಮೀಟರ್ ಬಟ್ಟೆ. ಎಂಟು ಲಂಗಕ್ಕೆ ಎಷ್ಟು?” ಮೊಮ್ಮಗಳು ಲೆಕ್ಕ ಓದಿದ್ದೇ ತಡ, ಮುಕ್ಕಾಲಕ್ಕ ಕಿಸಕ್ಕನೆ ನಕ್ಕುಬಿಟ್ಟಳು.

“ಆರು ಮೀಟರ್ ಅಂತ ಬರಿ. ಆದ್ರೆ ಎಷ್ಟು ತುಂಡಲ್ಲಿ ಕೊಡ್ತೀಯಪ್ಪಾ ಅಂತ ಅಂಗಡಿಯವನನ್ನ ಮೊದ್ಲು ಕೇಳು.”

“ಅಜ್ಜೀ, ಲೆಕ್ಕದಲ್ಲಿ ಅಂಗಡಿಯವನೇ ಇಲ್ಲ!”

“ಅದೇ ನೋಡು ಎಡವಟ್ಟು,” ಎಂದವಳ ಮನಸ್ಸು ಆಗಲೇ ಹಳೆಯ ಮನೆಗೆ ಹೊರಟಿತ್ತು.

ಆ ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಹೊಲಿಗೆ ಯಂತ್ರ. ಪೆಡಲಿನ ತಾಳಕ್ಕೆ “ಮುಕ್ಕಾಲೊಂದ್ಲೆ ಮುಕ್ಕಾಲು, ಮುಕ್ಕಾಲೆರಡ್ಲೆ ಒಂದೂವರೆ” ಎಂದು ಮಗ್ಗಿ ಹೇಳುತ್ತಿದ್ದಳು. ಬೀದಿಯವರು ಹೆಸರಿಟ್ಟದ್ದೂ ಅದಕ್ಕೇ.

ಆ ವರ್ಷ ಶಾಲೆಯ ಹಾಡಿನ ತಂಡದ ಮುಂದಿನ ಸಾಲಿಗೆ ಎಂಟು ನೀಲಿ ಲಂಗ ಹೊಲಿಯಲು ಒಪ್ಪಿಕೊಂಡಿದ್ದಳು. ಮಗಳಿಗೆ ಮೊದಲ ಸಲ ಆ ಸಾಲು ಸಿಕ್ಕಿತ್ತು. “ಎಂಟೂ ಅಚ್ಚು ಹೊಯ್ದ ಹಾಗಿರ್ತವೆ ಟೀಚರ್,” ಎಂದು ಮಾತು ಕೊಟ್ಟು, ಮುಕ್ಕಾಲೆಂಟ್ಲೆ ಆರು ಎಂದುಕೊಂಡು ಅಂಗಡಿಗೆ ಹೋದಳು. ಉದ್ದ ಬಟ್ಟೆ ಮುಗಿದಿತ್ತು. ಉಳಿದಿದ್ದ ಒಂದೊಂದು ಮೀಟರಿನ ಆರು ತುಂಡುಗಳನ್ನೇ ತಂದಳು. ಒಟ್ಟು ಆರು ಮೀಟರ್, ಇನ್ನೇನು ಬೇಕು?

ಒಂದೊಂದು ತುಂಡಿನಿಂದ ಒಂದೊಂದು ಲಂಗದ ಬಟ್ಟೆ ಕತ್ತರಿಸಿದಳು. ಆರು ಲಂಗಕ್ಕೆ ಆಯಿತು. ಉಳಿದದ್ದು ಬರೀ ಕಾಲು ಮೀಟರಿನ ಆರು ಪಟ್ಟಿ! ಆ ನೀಲಿ ಊರಲ್ಲೆಲ್ಲೂ ಇರಲಿಲ್ಲ.

ಬಾಗಿಲಲ್ಲಿ ನಿಂತ ಅತ್ತೆ ಬಿಡುತ್ತಾರೆಯೇ? “ಏನಮ್ಮಾ ಸೊಸೆ, ಮಗ್ಗಿ ಹೇಳಿದ್ರೆ ಬಟ್ಟೆ ಉದ್ದ ಆಗುತ್ತಾ?”

ಮುಕ್ಕಾಲಕ್ಕ ಮೂರು ಮೂರು ಪಟ್ಟಿ ಜೋಡಿಸಿ ಎರಡು ಲಂಗ ಹೊಲಿದಳು. ಎರಡೆರಡು ಕಡೆ ಹೊಲಿಗೆ ಬಿದ್ದು, ಉದ್ದದಲ್ಲಿ ಎರಡು ಬೆರಳು ಕಡಿಮೆಯಾಯಿತು. ಒಂದನ್ನು ಮಗಳಿಗೇ ತೊಡಿಸಿದಳು. ಇನ್ನೊಂದನ್ನು ಬೇರೆಯವರ ಮಗುವಿಗೆ ಯಾವ ಬಾಯಲ್ಲಿ ಕೊಡುವುದು?

ಮಗಳ ಮುಖ ಸಪ್ಪಗಾಯಿತು. “ನಾನು ಹಾಡಕ್ಕೇ ಹೋಗಲ್ಲ. ಎಲ್ರಿಗೂ ಚೆನ್ನಾಗಿರೋದು, ನಂಗೆ ಮಾತ್ರ ತೇಪೆದು!”

“ನಿಮ್ಮಮ್ಮ ಹೊಲಿದಿದ್ದಲ್ವೇನೇ ಪುಟ್ಟಿ?” ಎಂದು ಮುಕ್ಕಾಲಕ್ಕ ರಮಿಸಿದಳು.

“ಎಲ್ರದ್ದೂ ಹಿಂಗೇ ಇದ್ರೆ ಹಾಕ್ತೀನಿ,” ಎಂದವಳೇ ಲಂಗ ಕಳಚಿ ಎಸೆದಳು.

ಮುಕ್ಕಾಲಕ್ಕ ಆ ಲಂಗವನ್ನೇ ದಿಟ್ಟಿಸಿದಳು. ಮುಕ್ಕಾಲು ಅಂದರೆ ಮೂರು ಕಾಲು ತಾನೇ? ಸೀದಾ ಕತ್ತರಿ ಹಿಡಿದು, ಅಂದವಾಗಿ ಕತ್ತರಿಸಿಟ್ಟಿದ್ದ ಆರೂ ಬಟ್ಟೆಗಳನ್ನು ಮೂರು ಮೂರು ಪಟ್ಟಿ ಮಾಡಿದಳು.

“ಅಯ್ಯೋ ಹುಚ್ಚೀ! ಕತ್ತರಿಸಿ ಮತ್ತೆ ಅದನ್ನೇ ಹೊಲೀತೀಯಾ?”

“ಹೌದತ್ತೆ. ಸುಮ್ನೆ ನಿಲ್ಲೋ ಬದ್ಲು ಸೂಜಿಗೆ ದಾರ ಪೋಣಿಸಿಕೊಡಿ.”

ಗೊಣಗುತ್ತಲೇ ಅತ್ತೆ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತರು.

ಹಾಡಿನ ದಿನ ಪರದೆ ಸರಿದಾಗ ಎಂಟು ಲಂಗಗಳೂ ಎರಡು ಬೆರಳು ಗಿಡ್ಡ, ಹದಿನಾರು ಮೊಣಕಾಲೂ ಹೊರಗೆ. ಟೀಚರ್ ಹುಬ್ಬೇರಿಸಿದರು. ಮುಕ್ಕಾಲಕ್ಕನ ಕಣ್ಣು ಮಾತ್ರ ಅಂಚಿನ ಮೇಲೆ. ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗಿತ್ತು. ಆ ಸಾಲಿನ ನಡುವೆ ನಿಂತ ಮಗಳು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು, ಅದೂ ತುಸು ಶ್ರುತಿ ತಪ್ಪಿ.