ಕರಿಕಲ್ಲಿಗೆ ನೀರು ಹಾಕಿದ ಮಾಸ್ತರು

ಮೊನ್ನೆ ಅಥಣಿ ಕಡೆಯ ನಮ್ಮ ಹೊಲದಲ್ಲಿ ಬಾವಿ ತೋಡಿಸುವಾಗ ಮೇಲೆ ಬಂದ ಕರಿಕಲ್ಲೊಂದನ್ನು ಕೈಗೆತ್ತಿಕೊಂಡೆ. ಅಂಗೈಯಲ್ಲಿ ತಣ್ಣಗೆ, ಭಾರವಾಗಿ ಕೂತಿತು. ಕೂಡಲೇ ನನ್ನ ಸಾಲಿ ಬಿಡಿಸಿದ ವಿಜ್ಞಾನದ ಮಾಸ್ತರು ನೆನಪಾದರು. ಅವರು ನೆನಪಾಗುವುದು ನನಗೆ ಇಷ್ಟವಿಲ್ಲ, ಆದರೂ ಬರುತ್ತಾರೆ...

ಆಗ ನಾನು ಎಂಟನೆಯ ಇಯತ್ತೆ. ಮಾಸ್ತರು ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದರು. ಒಂದು ಗೋಕಾಕ ಕಡೆಯಿಂದ ತಂದ ಮರಳುಗಲ್ಲು, ಇನ್ನೊಂದು ನಮ್ಮೂರಿನದೇ ಕರಿಕಲ್ಲು. ಮೊದಲನೆಯದು ಕಣಶಿಲೆ, ಎರಡನೆಯದು ಅಗ್ನಿಶಿಲೆ. ಲೋಟದಿಂದ ಎರಡರ ಮೇಲೂ ನೀರು ಸುರಿದರು. ಮರಳುಗಲ್ಲು ಬಾಯಾರಿದ ಎಮ್ಮೆಯಂತೆ ಕುಡಿಯಿತು. ಮೊದಲ ಮಳೆಯ ವಾಸನೆ ಬಂತು. ಕರಿಕಲ್ಲಿನ ಮೇಲಿನ ನೀರು ಜಾರಿ, ಮೇಜಿನಿಂದಿಳಿದು ಮಾಸ್ತರ ಪ್ಯಾಂಟು ತೋಯಿಸಿತು. ನಾವೆಲ್ಲ ನಕ್ಕೆವು. ಪಾಠ ಚೆನ್ನಾಗಿಯೇ ಹೇಳುತ್ತಿದ್ದರು, ಅದನ್ನು ಇಲ್ಲ ಎನ್ನಲಾರೆ.

"ಈ ಎರಡರಾಗ ಏನ ಫರಕ ಐತಿ? ನೀ ಹೇಳ," ಎಂದು ನನ್ನ ಕಡೆ ಬೆರಳು ತೋರಿಸಿದರು.

ನನಗೆ ಗೊತ್ತಿತ್ತು. ಒಂದು ನೀರಿನಡಿ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು, ಇನ್ನೊಂದು ಭೂಮಿಯೊಳಗಿನ ಬೆಂಕಿ ಉಕ್ಕಿ ಬಂದು ಆರಿದ್ದು. ಆದರೆ ಮನೆಯಲ್ಲಿ ನಮ್ಮದು ಮರಾಠಿ. ಉತ್ತರ ಮರಾಠಿಯಲ್ಲೇ ನಾಲಿಗೆಗೆ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಮಾಸ್ತರು ಪಕ್ಕದವಳನ್ನು ಕೇಳಿ ಆಗಿರುತ್ತಿತ್ತು. ಅವತ್ತೂ ಹಾಗೇ ಆಯಿತು.

ಆ ವಾರ ಸಂತೆಯಲ್ಲಿ ಅಪ್ಪ ಸಿಕ್ಕಾಗ ಮಾಸ್ತರು ನನ್ನೆದುರಿಗೇ ಹೇಳಿದರು:

"ನಿಮ್ಮ ಹುಡುಗಿ ಕರಿಕಲ್ಲ ಇದ್ದಂಗ ಅದಾಳ್ರಿ. ಎಷ್ಟ ನೀರ ಹಾಕಿದ್ರೂ ಒಳಗ ಇಳಿಯೂದಿಲ್ಲ. ಸುಮ್ನ ಸಾಲಿಗೆ ಯಾಕ ಕಳಸ್ತೀರಿ?"

"ಬರೋಬ್ಬರಿ ಐತ್ರಿ ಸರ," ಎಂದ ಅಪ್ಪ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಸೋಮವಾರ ಪಾಟಿಚೀಲದ ಬದಲು ನನ್ನ ಕೈಗೆ ಕುಡುಗೋಲು ಬಂತು. ಕಬ್ಬಿನ ಬದುವಿನ ಮೇಲೆ ಕೂತು ಎಷ್ಟು ಅತ್ತೆನೋ...

ಕನ್ನಡವನ್ನು ಆಮೇಲೆ ಕಲಿತೆ, ಕಿರಾಣಿ ಸಾಮಾನು ಕಟ್ಟಿ ಬಂದ ಪೇಪರುಗಳನ್ನು ಬಿಡಿಸಿ ಓದುತ್ತ, ಯಾರೂ ಕಲಿಸದೆ. ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೋಡಿ.

ಮೊನ್ನೆ ಕಲ್ಲು ಹಿಡಿದುಕೊಂಡೇ ಬಾವಿಯೊಳಗೆ ಬಗ್ಗಿ ನೋಡಿದೆ. ಮೇಲೆ ಕಪ್ಪನೆಯ ಎರೆಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಮುರುಮು, ಅದರ ಕೆಳಗೆ ಕರಿಕಲ್ಲು. ಕೃಷಿ ಓದುತ್ತಿರುವ ತಂಗಿಯ ಮಗಳು ಜೊತೆಗಿದ್ದಳು.

"ಎಲ್ಲಾ ಒಂದ ಕಲ್ಲ, ಮಾವ್ಶಿ. ಕರಿಕಲ್ಲ ಸವದ ಸವದ ಮುರುಮ ಆಗೇತಿ, ಮುರುಮ ಪುಡಿಯಾಗಿ ಎರಿ ಆಗೇತಿ," ಎಂದಳು.

ಎರೆಮಣ್ಣು ಎಂದರೆ ಸುಮ್ಮನೆಯೇ? ಮಳೆ ನಿಂತು ತಿಂಗಳುಗಟ್ಟಲೆ ಆದರೂ ನೀರು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ ಬೆಳೆಸುವ ಮಣ್ಣು. ಮಾಸ್ತರು ಮೆಚ್ಚಿದ ಮರಳುಗಲ್ಲಿನ ಮಣ್ಣಿನಲ್ಲಿ ನೀರು ನಿಲ್ಲುವುದೇ ಇಲ್ಲ. ಅರ್ಧ ಪಾಠ ಹೇಳಿ ನನ್ನ ಪೂರ್ತಿ ಸಾಲಿ ಕಸಿದುಕೊಂಡರು.

ಇದನ್ನು ಅವರ ಮುಖಕ್ಕೇ ಹೇಳಬೇಕೆನಿಸಿ ಅವರು ಎಲ್ಲಿದ್ದಾರೆಂದು ವಿಚಾರಿಸಿದೆ. ಹೋದ ವರ್ಷವೇ ತೀರಿಕೊಂಡರಂತೆ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಸರಿ, ಬೈಯುವುದಿಲ್ಲ. ಆದರೆ ಅವತ್ತಿನ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಬಾಯಲ್ಲೇ ಉಳಿದಿದೆ, ಕೇಳಬೇಕಾದವರು ಹೋಗಿಬಿಟ್ಟರು...

ಇವತ್ತು ಆ ಕರಿಕಲ್ಲನ್ನು ಹೊಲದಲ್ಲಿಟ್ಟು ಕೊಡದಿಂದ ನೀರು ಸುರಿದೆ. ನೀರು ಕಲ್ಲಿನಿಂದ ಜಾರಿ ಕೆಳಗಿನ ಎರೆಮಣ್ಣಿಗೆ ಬಿತ್ತು. ಮಣ್ಣು ಒಂದು ಹನಿಯೂ ಬಿಡದೆ ಕುಡಿಯಿತು. ನೋಡಲು ಮಾಸ್ತರಿರಲಿಲ್ಲ.