ಎರಡು ಸಲ ಬಿದ್ದ ಉಪ್ಪು

ನಾಲ್ಕು ಜನ ಏನಂತಾರೆ ಎಂದು ಲೋಕವೆಲ್ಲ ಹೆದರಿ ಸಾಯುತ್ತದೆ. ಆ ನಾಲ್ಕು ಜನ ಯಾರು, ಎಲ್ಲಿರುತ್ತಾರೆ, ಅವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಕೇಳಿದವರಿಲ್ಲ. ನಮ್ಮ ಬೀಗನಿಗೆ ಮಾತ್ರ ಅವರ ವಿಳಾಸ ಚೆನ್ನಾಗಿ ಗೊತ್ತಿತ್ತು. ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು. ಮಧ್ಯಾಹ್ನದ ಊಟಕ್ಕೆ ಅಲ್ಲಿ ಉದ್ದನೆಯ ಬೆಂಚಿನ ಸುತ್ತ ಮೇಸ್ತ್ರಿ, ವೆಲ್ಡರ್, ತಗಡು ಕತ್ತರಿಸುವವನು, ಪೇಂಟರ್, ಹೀಗೆ ನಾಲ್ವರು ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದರು. ಐದನೆಯವನು ಇವನು.

ಬೀರುವಿನ ಬಾಗಿಲಿಗೆ ಹಿಡಿ ಮತ್ತು ಬೀಗ ಕೂರಿಸುವುದು ಇವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಇವನು ಬೀಗ. ಮಾತು ಕಡಿಮೆ ಇದ್ದುದರಿಂದ ಆ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು. "ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಇವನಾಗಲೇ ಊರಿಗೆಲ್ಲ ಬೀಗ ಆಗಿ ಕೂತಿದ್ದಾನೆ" ಎಂದು ಮೇಸ್ತ್ರಿ ಹೊಸಬರು ಬಂದಾಗಲೆಲ್ಲ ಅದೇ ಹಳಸಲು ಜೋಕನ್ನು ಬಿಸಿ ಮಾಡಿ ಬಡಿಸುತ್ತಿದ್ದ. ಇವನೂ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ. ನಗದೆ ಕೂತರೆ ನಾಳೆಯಿಂದ ಅದೂ ಒಂದು ಜೋಕಾಗುತ್ತದೆ ಎಂಬುದು ಅವನಿಗೆ ತಿಳಿಯದ್ದೇನಲ್ಲ.

ಆ ಬೆಂಚಿನ ಮೇಲೆ ಬೀಗನ ಡಬ್ಬಿಗಿದ್ದ ಮರ್ಯಾದೆ ಬೀಗನಿಗೂ ಇರಲಿಲ್ಲ. ಮುಚ್ಚಳ ತೆಗೆದ ತಕ್ಷಣ ನಾಲ್ಕು ಕಡೆಯಿಂದ ಕೈ ಬರುತ್ತಿತ್ತು. "ನಿನ್ನ ಹೆಂಡ್ತಿ ಕೈಗುಣ ಅಂದ್ರೆ ಕೈಗುಣ ಕಣಯ್ಯ. ಪುಣ್ಯ ಮಾಡಿದ್ದೆ ನೀನು" ಎಂದು ಮೇಸ್ತ್ರಿ ಬೆರಳು ನೆಕ್ಕುತ್ತಿದ್ದ. ಬೀಗ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ. ನಾಚಿಕೆಯ ಸ್ವಭಾವ ಎಂದು ಅವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಆ ಹೊಗಳಿಕೆ ಬೀಗನ ಹೊಟ್ಟೆಯೊಳಗೆ ನೇರವಾಗಿ ಇಳಿದು ತಣ್ಣಗೆ ಕೂರುತ್ತಿತ್ತು. ಏಕೆಂದರೆ ಆ ಅಡುಗೆ ಮಾಡುತ್ತಿದ್ದವನು ಅವನೇ.

ಅವನ ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಊರು ಏಳುವ ಮುಂಚೆ ಬ್ರೆಡ್ಡು ಅಂಗಡಿ ಸೇರಬೇಕಾದ್ದರಿಂದ ಅವಳು ಕತ್ತಲಲ್ಲೇ ಹೊರಟು ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಮುಂಚೆಯೇ ಮನೆಗೆ ಬರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಬೀಗ ಒಲೆ ಹಚ್ಚಿದ್ದು ಬೇರೆ ದಾರಿಯಿಲ್ಲದೆ. ಮೊದಮೊದಲು ತಳ ಹಿಡಿಯಿತು, ಅನ್ನ ಮುದ್ದೆಯಾಯಿತು. ಬರುಬರುತ್ತ ಕೈ ಕುದುರಿತು. ಆಮೇಲೆ ಇಷ್ಟವೂ ಹತ್ತಿತು. ಈರುಳ್ಳಿ ಯಾವಾಗ ಬಣ್ಣ ತಿರುಗುತ್ತದೆ ಎಂದು ಕಾಯುತ್ತ ನಿಂತಾಗ ಅವನಿಗೆ ಸಿಗುತ್ತಿದ್ದ ನೆಮ್ಮದಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಆದರೆ ಅದು ಕಳ್ಳನ ನೆಮ್ಮದಿ. ಅಡುಗೆಮನೆಯ ಕಿಟಕಿ ಓಣಿಗೆ ತೆರೆದುಕೊಂಡಿತ್ತು. ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ಸೌಟು ಕೆಳಗಿಟ್ಟು ಪೇಪರ್ ಎತ್ತಿಕೊಳ್ಳುತ್ತಿದ್ದ. ನೆಂಟರು ಬಂದ ದಿನ ಕಾಫಿ ಮಾಡಿ ಲೋಟಕ್ಕೆ ಬಗ್ಗಿಸಿಟ್ಟು, ಹೆಂಡತಿಯನ್ನು ಒಲೆಯ ಮುಂದೆ ನಿಲ್ಲಿಸಿ, ತಾನು ಹೊರಗೆ ಬಂದು ಕೂತು "ಏನೇ, ಕಾಫಿ ಆಯ್ತಾ?" ಎಂದು ಕೂಗುತ್ತಿದ್ದ.

"ನಾನೇನು ನಿಮ್ಮ ಅಡುಗೆಗೆ ಮೊಹರು ಒತ್ತೋಳಾ?" ಎಂದು ಅವಳು ನಗುತ್ತಿದ್ದಳು. "ಕದ್ದಿದ್ದೀರಾ, ಯಾರನ್ನಾದ್ರೂ ಕೊಂದಿದ್ದೀರಾ? ಅಡುಗೆ ತಾನೆ ಮಾಡಿದ್ದು?"

"ನಿಂಗೆ ಗೊತ್ತಾಗಲ್ಲ ಸುಮ್ನಿರು. ನಾಲ್ಕು ಜನರ ಮಧ್ಯೆ ತಲೆ ಎತ್ಕೊಂಡು ಓಡಾಡೋನು ನಾನು" ಎನ್ನುತ್ತಿದ್ದ ಬೀಗ. ತಲೆ ತಗ್ಗಿಸಿ ಉಣ್ಣುವವನು ಆಡುವ ಮಾತೇ ಇದು!

ಒಂದು ದಿನ ಬೆಳಿಗ್ಗೆ ಅವನು ಆಲೂಗಡ್ಡೆ ಬಟಾಣಿ ಬೇಯಿಸುತ್ತಿದ್ದ. ಉಪ್ಪು ಹಾಕಿ, ಕಲಕಿ, ಸೌಟು ಕೈಯಲ್ಲಿ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಅತ್ತೆ ಕಿಟಕಿಗೇ ಬಂದು "ಯಾರಿದ್ದೀರಿ ಒಳಗೆ? ಬೆಂಕಿಪೊಟ್ಟಣ ಇದ್ರೆ ಕೊಡ್ರಮ್ಮ" ಎಂದಳು. ಪೇಪರ್ ಕೈಗೆಟುಕುವಷ್ಟು ಹತ್ತಿರ ಇರಲಿಲ್ಲ. ಬೀಗ ಧಡಕ್ಕನೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮಂಡಿ ನೋಯುತ್ತಿತ್ತು, ಸೌಟಿನಿಂದ ಬಿಸಿ ರಸ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತನ್ನ ಮನೆಯಲ್ಲಿ ತಾನೇ ಹೀಗೆ ಉಸಿರು ಬಿಗಿಹಿಡಿದು ಅಡಗಿ ಕೂತವನನ್ನು ನೋಡಿದ್ದರೆ ಕಳ್ಳನಿಗೂ ಅಯ್ಯೋ ಅನಿಸುತ್ತಿತ್ತು. ಅತ್ತೆ ಗೊಣಗುತ್ತ ಹೋದಳು. ಬೀಗ ಎದ್ದ, ಎಲ್ಲಿ ಬಿಟ್ಟಿದ್ದೆ ಎಂದು ಯೋಚಿಸಿದ, ಉಪ್ಪಿನ ಡಬ್ಬಿ ತೆಗೆದ, ಇನ್ನೊಂದು ಸಲ ಹಾಕಿದ. ರುಚಿ ನೋಡಲು ಹೊತ್ತಿರಲಿಲ್ಲ.

ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟವನು ಮೇಸ್ತ್ರಿ. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಎದ್ದು ಹೋಗಿ ಉಗುಳಿ ಬಂದು, ಬೀಗನನ್ನು ಮೇಲಿಂದ ಕೆಳಗೆ ನೋಡಿ, "ಏನಯ್ಯ ಇದು? ಹೆಂಗಸು ಮಾಡಿದ ಅಡುಗೆ ಥರಾನೇ ಇಲ್ಲ. ಇವತ್ತು ನೀನೇ ಮಾಡ್ಕೊಂಡು ಬಂದ್ಯಾ ಹೇಗೆ?" ಎಂದ.

ಅದೊಂದು ಬರೀ ತಮಾಷೆ. ಆದರೆ ಬೀಗನಿಗೆ ಹಾಗನಿಸಲಿಲ್ಲ. ಇಷ್ಟು ವರ್ಷ ಸೌಟು ಕೆಳಗಿಟ್ಟು, ಪೇಪರ್ ಹಿಡಿದು, ಕುಕ್ಕರಗಾಲಲ್ಲಿ ಕೂತು ಕಾಪಾಡಿಕೊಂಡು ಬಂದದ್ದು ಒಂದು ಚಮಚ ಉಪ್ಪಿನಿಂದ ಬಯಲಾಗುತ್ತದೆ ಎಂದು ಹೆದರಿದ. ಆ ಹೆದರಿಕೆಯಲ್ಲಿ ಎಂದೂ ತೆರೆಯದ ಬಾಯಿ ತೆರೆಯಿತು.

"ನಾನ್ಯಾಕೆ ಮಾಡ್ಲಿ ಮೇಸ್ತ್ರಿ? ಅವಳಿಗೆ ಮೈ ಮೇಲೆ ಗ್ಯಾನ ಇದ್ರೆ ತಾನೆ? ನಾಲ್ಕು ಕಾಸು ದುಡೀತೀನಿ ಅನ್ನೋ ಕೊಬ್ಬು. ಹೆಂಗಸರನ್ನ ಹೊರಗೆ ಬಿಟ್ರೆ ಹೀಗೇ. ಇವತ್ತು ಹೋಗಿ ಎರಡು ಬಿಟ್ರೆ ನಾಳೆ ಉಪ್ಪು ತಾನಾಗಿ ಸರಿಹೋಗುತ್ತೆ."

ಎಲ್ಲರೂ ಶೆಡ್ಡಿನ ತಗಡು ಹಾರಿಹೋಗುವಂತೆ ನಕ್ಕರು. ವೆಲ್ಡರ್ ಬೆಂಚು ಗುದ್ದಿದ. ಹೋದ ತಿಂಗಳಷ್ಟೇ ಮದುವೆಯಾಗಿದ್ದ ಪೇಂಟರ್ ಎಲ್ಲರಿಗಿಂತ ಜೋರಾಗಿ ನಕ್ಕ. ಬೀಗ ಹುಟ್ಟಿದಂದಿನಿಂದ ನಾಲ್ಕು ಜನರನ್ನು ನಗಿಸಿದವನಲ್ಲ. ಅವನಿಗೆ ಅದು ಹಿತವಾಯಿತು, ಮುಚ್ಚುಮರೆ ಯಾಕೆ, ತುಂಬಾ ಹಿತವಾಯಿತು. ಇನ್ನೂ ಎರಡು ಮಾತು ಸೇರಿಸಿದ. ಹೆಂಡತಿಯ ನಡಿಗೆಯನ್ನೂ ಅವಳು ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂರುವುದನ್ನೂ ಅಣಕಿಸಿ ತೋರಿಸಿದ. ಜನ್ಮದಲ್ಲಿ ಅವಳ ಮೇಲೆ ಕೈ ಎತ್ತದವನು ಗಾಳಿಯಲ್ಲಿ ಕೈ ಎತ್ತಿ ಬೀಸಿದ.

ಎತ್ತಿದ ಕೈ ಇಳಿಯುವ ಮುಂಚೆ ಬಾಗಿಲಲ್ಲಿ ಹೆಂಡತಿ ಕಂಡಳು.

ಅವಳು ಮನೆಗೆ ಬಂದು ಊಟಕ್ಕೆ ಕೂತಿದ್ದಾಳೆ, ಒಂದು ತುತ್ತಿಗೇ ಗೊತ್ತಾಗಿದೆ. ಪಾಪ, ಗಂಡ ಉಪವಾಸ ಇರುತ್ತಾನಲ್ಲ, ನಾಲ್ಕು ಜನರ ಮುಂದೆ ಪೇಚಾಡುತ್ತಾನಲ್ಲ ಎಂದು ತಾನು ಉಣ್ಣದೆ, ಉಪ್ಪು ಹಾಕದೆ ಬೇಯಿಸಿದ ಆಲೂಗಡ್ಡೆಯನ್ನೂ ಮೊಸರನ್ನೂ ಪಾತ್ರೆಯಲ್ಲಿ ತುಂಬಿಕೊಂಡು ಬಿಸಿಲಲ್ಲಿ ನಡೆದು ಬಂದಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಒಳಗೆ ಬಂದು ಪಾತ್ರೆಯನ್ನು ಬೆಂಚಿನ ಮೇಲಿಟ್ಟಳು.

"ಬೆಳಿಗ್ಗೆ ಗಡಿಬಿಡೀಲಿ ಉಪ್ಪು ಎರಡು ಸಲ ಬಿದ್ದುಬಿಡ್ತು ಅಣ್ಣ, ತಪ್ಪಾಯ್ತು" ಎಂದು ಮೇಸ್ತ್ರಿಗೆ ಹೇಳಿದಳು. "ಇದನ್ನ ಕಲಸ್ಕೊಳ್ಳಿ, ಸರಿಹೋಗುತ್ತೆ."

"ಪರವಾಗಿಲ್ಲ ತಗೊಳ್ಳಮ್ಮ, ಯಾರಿಗಾದ್ರೂ ಆಗುತ್ತೆ" ಎಂದು ಮೇಸ್ತ್ರಿ ದೊಡ್ಡ ಮನಸ್ಸು ಮಾಡಿದ. ಬೀಗ ಈಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವನು ಮಾಡಿದ ತಪ್ಪಿಗೆ ಅವಳು ಕ್ಷಮೆ ಕೇಳಿದಳು, ಅವನು ಕೂತಲ್ಲೇ ಕೂತು ಕೇಳಿಸಿಕೊಂಡ. ಅವಳು ಅವನ ಮುಖ ನೋಡದೆ ಹೋದಳು. ಅವನು ಮೊಸರು ಕಲಸಿದ. ಎಲ್ಲರೂ ಉಂಡರು, ಅವನೂ ಉಂಡ. ನಾಚಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾರೆ. ಎಲ್ಲಿ ಬಂತು? ಊಟ ಸಲೀಸಾಗಿ ಇಳಿಯಿತು, ಅದನ್ನು ನೆನೆದೇ ಅವನಿಗೆ ಆಮೇಲೆ ಹೆಚ್ಚು ನಾಚಿಕೆಯಾದದ್ದು.

ಸಂಜೆ ಮನೆಗೆ ಹೋದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಬಯ್ಯಲಿ ಎಂದು ಅವನು ಎದುರಿಗೇ ಕೂತ. ಅವಳು ಬಯ್ಯಲಿಲ್ಲ.

"ಸುಮ್ನೆ ತಮಾಷೆಗೆ ಅಂದಿದ್ದು ಕಣೆ" ಎಂದ ಕೊನೆಗೆ.

"ನೀವು ಅಷ್ಟೊಂದು ಚೆನ್ನಾಗಿ ಮಾತಾಡ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದು ಅವಳು ಮಡಚಿದ ಅಂಗಿಯನ್ನು ಅವನ ಕಡೆಗೆ ತಳ್ಳಿದಳು. "ಮನೇಲಿ ಹತ್ತು ಸಲ ಕೇಳಿದ್ರೆ ಒಂದು ಹೂಂ ಅಂತೀರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನ ಬೀಗ ಮೂರು ಸಲ ರುಚಿ ನೋಡಿ ಬದನೆಕಾಯಿ ಮಾಡಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾಡಿರಲಿಲ್ಲ. ಡಬ್ಬಿ ಬಿಚ್ಚಿದಾಗ ಮೇಸ್ತ್ರಿ ತುತ್ತು ನುಂಗಿ, ಕಣ್ಣು ಮಿಟುಕಿಸಿ, ಬೀಗನ ಬೆನ್ನು ತಟ್ಟಿದ.

"ಕೊಟ್ಟೆ ತಾನೆ ಎರಡು? ನೋಡ್ರೋ, ಉಪ್ಪು ಹೇಗೆ ಹದಕ್ಕೆ ಬಂದಿದೆ."

ಬೀಗನ ಕೈ ಡಬ್ಬಿಯಲ್ಲೇ ನಿಂತಿತು. ತನ್ನ ಕೈಯಡುಗೆಯೇ ತನ್ನ ಮೇಲೆ ಸಾಕ್ಷಿ ಹೇಳುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಪೇಂಟರ್ ಹತ್ತಿರ ಸರಿದು, ದೊಡ್ಡವರಿಗೆ ಲೆಕ್ಕ ಒಪ್ಪಿಸುವವನಂತೆ ತಗ್ಗಿದ ದನಿಯಲ್ಲಿ ಹೇಳಿದ: "ನಿನ್ನೆ ನಾನೂ ಒಂದು ಬಿಟ್ಟೆ ಅಣ್ಣ. ಎದುರು ಮಾತಾಡಿದ್ಲು. ಬೇರೆ ಯಾರೇ ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ. ನಿಮ್ಮಂಥ ಸಾಧು ಮನುಷ್ಯರೇ ಮಾಡ್ತಾರೆ ಅಂದ್ಮೇಲೆ ಅದು ಎಲ್ಲರ ಮನೇಲೂ ಇರೋದೇ ಅನ್ಕೊಂಡೆ."

ಬೀಗ ಎದ್ದು ನಿಂತ.

"ನಾನು ಅವಳ ಮೇಲೆ ಯಾವತ್ತೂ ಕೈ ಎತ್ತಿಲ್ಲ. ಅಡುಗೆ ಮಾಡೋದು ನಾನು. ನಿನ್ನೆ ಉಪ್ಪು ಎರಡು ಸಲ ಹಾಕಿದ್ದು ನಾನು. ಇಷ್ಟು ವರ್ಷ ನೀವು ತಿಂದಿದ್ದೆಲ್ಲ ನಾನು ಮಾಡಿದ್ದು."

ಮೇಸ್ತ್ರಿ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಬಾಯಲ್ಲಿದ್ದ ಅನ್ನ ಸಿಡಿಯುವಂತೆ ನಕ್ಕ. "ನಿನ್ನೆಯಿಂದ ಇವನಿಗೆ ಬಾಯಿ ಬಂದುಬಿಟ್ಟಿದೆ ಕಣ್ರೋ!" ವೆಲ್ಡರ್ ನಕ್ಕ, ತಗಡಿನವನು ನಕ್ಕ. ಬೀಗ "ನಿಜ ಹೇಳ್ತಿದ್ದೀನಿ" ಎಂದಷ್ಟೂ ಅವರ ನಗು ಏರಿತು. ನಗದೆ ಕೂತವನು ಪೇಂಟರ್ ಒಬ್ಬನೇ.

"ಹಾಗಾದ್ರೆ ನಿನ್ನೆ ಹೇಳಿದ್ದು?" ಎಂದ ಅವನು.

"ನೀವೆಲ್ಲ ನಗ್ಲಿ ಅಂತ ಹೇಳಿದ್ದು ಕಣಪ್ಪ."

ಪೇಂಟರ್ ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ ಎದ್ದು ಹೋದ.

ಆ ಸಂಜೆ ಬೀಗ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಶೆಡ್ಡಿನಲ್ಲಿ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ ಎನ್ನುವಾಗ ಅವನ ದನಿ ಸ್ವಲ್ಪ ಏರಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿದಾಯಿತು ಎಂಬ ಸಮಾಧಾನವೂ ಅದರಲ್ಲಿ ಇತ್ತೆನ್ನಿ. ಅವಳು ಬ್ರೆಡ್ ಕಾರ್ಖಾನೆಯ ಬಿಳಿ ಟೋಪಿಯನ್ನು ಕೈಯಲ್ಲಿ ಮಡಚುತ್ತ ಬಿಡಿಸುತ್ತ ಕೊನೆಯವರೆಗೆ ಕೇಳಿದಳು.

"ಆ ಹುಡುಗಿಗೆ ಎಲ್ಲಿಗೆ ಹೊಡೆದನಂತೆ?" ಎಂದಳು.



"ಅದನ್ನ ಕೇಳ್ಲಿಲ್ಲ" ಎಂದ ಬೀಗ.

ಅವಳು ಟೋಪಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು, ಪೇಂಟರ್ ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿದಳು.